‘ಅನುದಾನ ಬಂದಿಲ್ಲ’ ಎಂದರೆ ಅರ್ಜಿ ಮುಗಿಯಿತೇ?

ಕುಡಿಯುವ ನೀರಿನ ದೂರು ಹಿಡಿದು ಗ್ರಾಮ ಪಂಚಾಯಿತಿಗೋ ಪುರಸಭೆಗೋ ಹೋದವರಿಗೆ ಸಾಮಾನ್ಯವಾಗಿ ಸಿಗುವ ಉತ್ತರ ಎರಡು. ಒಂದು, ‘ಅನುದಾನ ಬಂದಿಲ್ಲ’. ಇನ್ನೊಂದು, ‘ಈ ವರ್ಷದ ಕ್ರಿಯಾಯೋಜನೆಯಲ್ಲಿ ಇಲ್ಲ’. ಇಷ್ಟು ಕೇಳಿದ ಮೇಲೆ ಹೆಚ್ಚಿನವರು ಸುಮ್ಮನೆ ಮನೆಗೆ ಮರಳುತ್ತಾರೆ. ಮರಳಬೇಕಾಗಿಲ್ಲ. ಮೊದಲ ಉತ್ತರವನ್ನು ಸುಪ್ರೀಂ ಕೋರ್ಟ್ ನಾಲ್ಕು ದಶಕಗಳ ಹಿಂದೆಯೇ ತಳ್ಳಿಹಾಕಿದೆ. ಎರಡನೆಯದಕ್ಕೆ ದಾರಿ ಪಂಚಾಯತ್ ರಾಜ್ ಕಾಯ್ದೆಯಲ್ಲೇ ಇದೆ.

ಮಧ್ಯಪ್ರದೇಶದ ರತ್ಲಾಂ ಪಟ್ಟಣದ ಒಂದು ಬಡಾವಣೆಯ ಜನ ತೆರೆದ ಚರಂಡಿ, ಬಯಲು ಮಲದ ದುರ್ನಾತ, ಮದ್ಯಸಾರ ಕಾರ್ಖಾನೆಯಿಂದ ಹರಿದು ಬರುತ್ತಿದ್ದ ಕೊಳಕು ದ್ರವದಿಂದ ರೋಸಿಹೋಗಿ ಮ್ಯಾಜಿಸ್ಟ್ರೇಟರ ಮೊರೆ ಹೊಕ್ಕರು. ಆರು ತಿಂಗಳಲ್ಲಿ ಯೋಜನೆ ಸಿದ್ಧಪಡಿಸಿ ಎಂದು ಆದೇಶವಾಯಿತು. ಪುರಸಭೆ ಅದನ್ನು ಪಾಲಿಸುವ ಬದಲು ಸುಪ್ರೀಂ ಕೋರ್ಟ್‌ವರೆಗೂ ಹೋಗಿ, ತನ್ನ ಬಳಿ ಹಣವಿಲ್ಲ ಎಂದು ವಾದಿಸಿತು. 1980ರಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಬರೆದ ತೀರ್ಪು ಆ ವಾದವನ್ನು ಒಪ್ಪಲಿಲ್ಲ. ಜನರ ಆರೋಗ್ಯ ಕಾಯಲೆಂದೇ ಪುರಸಭೆ ಇರುವಾಗ, ಬೊಕ್ಕಸ ಬರಿದಾಗಿದೆ ಎಂಬುದು ಆ ಹೊಣೆಯಿಂದ ಬಿಡುಗಡೆ ಕೊಡದು ಎಂಬುದು ತೀರ್ಪಿನ ಸಾರ.

ರತ್ಲಾಮಿನವರು ಬಳಸಿದ್ದು ದಂಡ ಪ್ರಕ್ರಿಯಾ ಸಂಹಿತೆಯ 133ನೇ ಕಲಂ. ಈಗ ಅದೇ ಅಧಿಕಾರ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಮಿನಲ್ಲಿದೆ. ಊರ ಬಾವಿಗೆ ಚರಂಡಿ ನೀರು ಸೇರುತ್ತಿದ್ದರೆ ಜಿಲ್ಲಾಧಿಕಾರಿಗೆ ಅಥವಾ ಉಪವಿಭಾಗಾಧಿಕಾರಿಗೆ, ಅಂದರೆ ಜನ ‘ಎ.ಸಿ.’ ಎನ್ನುವ ಅಧಿಕಾರಿಗೆ, ಈ ಕಲಮಿನಡಿ ಅರ್ಜಿ ಕೊಡಬಹುದು. ಕಂದಾಯದ ಕೆಲಸಕ್ಕೆ ಮಾತ್ರ ಎ.ಸಿ. ಕಚೇರಿ ಎಂದು ತಿಳಿದವರೇ ಹೆಚ್ಚಾಗಿರುವುದರಿಂದ ಈ ದಾರಿ ತುಳಿಯುವವರು ತೀರಾ ಕಡಿಮೆ.

ಹಣದ ನೆಪಕ್ಕೆ 2017ರ ಫೆಬ್ರವರಿಯಲ್ಲಿ ಇನ್ನೊಂದು ಪೆಟ್ಟು ಬಿತ್ತು. ಪರ್ಯಾವರಣ ಸುರಕ್ಷಾ ಸಮಿತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಕೊಳಚೆ ನೀರು ಶುದ್ಧೀಕರಣ ಘಟಕ ಕಟ್ಟುವುದು, ನಡೆಸುವುದು ನಗರಸಭೆಗಳ ಸಾಂವಿಧಾನಿಕ ಕರ್ತವ್ಯ ಎಂದಿತು. ಅದಕ್ಕೆ ಬೇಕಾದ ಹಣವನ್ನು ಯಾರಿಂದ, ಹೇಗೆ ಹೊಂದಿಸಬೇಕು ಎಂಬ ನಿಯಮಗಳನ್ನು ಅದೇ ಮಾರ್ಚ್ ಅಂತ್ಯದೊಳಗೆ ರೂಪಿಸುವಂತೆ ರಾಜ್ಯಗಳಿಗೆ ಗಡುವು ಕೊಟ್ಟಿತು. ಕಾರ್ಖಾನೆಗಳ ಶುದ್ಧೀಕರಣ ಘಟಕ ಕೆಲಸ ಮಾಡದಿದ್ದರೆ ಕಾರ್ಖಾನೆಯೂ ನಡೆಯುವಂತಿಲ್ಲ ಎಂದಿತು.

ಕರ್ನಾಟಕಕ್ಕೆ ಇದರ ಬಿಸಿ ತಟ್ಟಿದ್ದು ಬೆಳ್ಳಂದೂರು ಕೆರೆಯ ಮೂಲಕ. ನೊರೆ ರಸ್ತೆಗೆ ಹಾರಿದ್ದನ್ನೂ 2017ರ ಫೆಬ್ರವರಿಯಲ್ಲಿ ಕೆರೆಗೇ ಬೆಂಕಿ ಹೊತ್ತಿಕೊಂಡದ್ದನ್ನೂ ದೇಶವೇ ನೋಡಿತು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2018ರ ಡಿಸೆಂಬರ್‌ನಲ್ಲಿ ಕೆರೆಯ ಪುನಶ್ಚೇತನಕ್ಕಾಗಿ ₹500 ಕೋಟಿಯನ್ನು ಪ್ರತ್ಯೇಕ ಎಸ್ಕ್ರೋ ಖಾತೆಯಲ್ಲಿಡುವಂತೆ ರಾಜ್ಯ ಸರ್ಕಾರಕ್ಕೆ ಆದೇಶಿಸಿತು. ಸರ್ಕಾರಕ್ಕೆ ₹50 ಕೋಟಿ, ಆಗಿನ ಬಿಬಿಎಂಪಿಗೆ ₹25 ಕೋಟಿ ದಂಡ ಹಾಕಿತು. ಉಸ್ತುವಾರಿಗೆ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ ನೇತೃತ್ವದ ಸಮಿತಿ ಬಂತು. ದಂಡಕ್ಕಿಂತ ಮುಖ್ಯವಾದದ್ದು ಆ ಪ್ರತ್ಯೇಕ ಖಾತೆ. ಬಜೆಟ್ ಭಾಷಣದಲ್ಲಿ ಘೋಷಣೆಯಾದ ಹಣ ಬೇರೆ ಕಡೆಗೆ ಹರಿದುಹೋಗದಂತೆ ತಡೆಯುವ ಅಧಿಕಾರವೂ ನ್ಯಾಯಪೀಠಕ್ಕಿದೆ ಎಂಬುದನ್ನು ಅದು ತೋರಿಸಿಕೊಟ್ಟಿತು.

ಈ ಎಲ್ಲ ಆದೇಶಗಳ ಬುಡದಲ್ಲಿರುವುದು ಸಂವಿಧಾನದ 21ನೇ ವಿಧಿ. ಬದುಕುವ ಹಕ್ಕಿನಲ್ಲಿ ಮಾಲಿನ್ಯರಹಿತ ನೀರು, ಗಾಳಿಯ ಹಕ್ಕೂ ಸೇರಿದೆ ಎಂದು 1991ರ ಸುಭಾಷ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೆ ಆ ಅರ್ಜಿದಾರರು ಸ್ವಂತ ಹಿತಾಸಕ್ತಿಗಾಗಿ ಬಂದವರೆಂದು ಅವರ ಅರ್ಜಿಯನ್ನೇ ವಜಾ ಮಾಡಿತು. ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಲು ಹೊರಟವರು ಈ ಎರಡನ್ನೂ ನೆನಪಿಡಬೇಕು.

ಇನ್ನು ‘ಕ್ರಿಯಾಯೋಜನೆಯಲ್ಲಿ ಇಲ್ಲ’ ಎಂಬ ಉತ್ತರ. ಕ್ರಿಯಾಯೋಜನೆ ಹುಟ್ಟುವುದು ವಾರ್ಡ್ ಸಭೆ, ಗ್ರಾಮ ಸಭೆಗಳಲ್ಲಿ. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಕಾಯ್ದೆ, 1993ರ ಪ್ರಕಾರ ಇವು ಕನಿಷ್ಠ ಆರು ತಿಂಗಳಿಗೊಮ್ಮೆ ನಡೆಯಲೇಬೇಕು. ಬೇಡಿಕೆಯನ್ನು ಅಲ್ಲಿ ಬಾಯಿಮಾತಿನಲ್ಲಿ ಹೇಳಿ ಬಂದರೆ ಸಾಲದು. ಬರೆದು ಕೊಟ್ಟು, ನಡಾವಳಿ ಪುಸ್ತಕದಲ್ಲಿ ಸೇರಿಸಿದ್ದನ್ನು ಕಣ್ಣಾರೆ ನೋಡಿ, ಅರ್ಜಿಗೆ ಸ್ವೀಕೃತಿ ಪಡೆಯಬೇಕು. ಆಗದು ಎಂದರೆ ಹಿಂಬರಹ ಕೇಳಬೇಕು. ಪಿಡಿಒ ಸಹಿ ಮಾಡಿದ ಹಿಂಬರಹ ಮುಂದಿನ ಎಲ್ಲ ಮೇಲ್ಮನವಿಗಳಿಗೂ ಮೊದಲ ದಾಖಲೆ.

ಹಳ್ಳಿಯ ನೀರಿಗೆ ಬರುವ ಹಣದ ಮೂಲಗಳು ಮುಖ್ಯವಾಗಿ ಎರಡು. 2019ರಲ್ಲಿ ಘೋಷಣೆಯಾದ ಜಲ ಜೀವನ್ ಮಿಷನ್‌ನಲ್ಲಿ ಕರ್ನಾಟಕದ ಮಟ್ಟಿಗೆ ಕೇಂದ್ರದ್ದು ಅರ್ಧ, ರಾಜ್ಯದ್ದು ಅರ್ಧ. ಪ್ರತಿ ವ್ಯಕ್ತಿಗೆ ದಿನಕ್ಕೆ 55 ಲೀಟರ್, ಅದೂ ಭಾರತೀಯ ಮಾನಕ ಐಎಸ್ 10500ಕ್ಕೆ ತಕ್ಕ ನೀರು ಎಂಬುದು ಅದರ ಗುರಿ. ಮನೆ ಮುಂದೆ ನಲ್ಲಿ ನಿಲ್ಲಿಸಿ ಫೋಟೊ ತೆಗೆದುಕೊಂಡರೆ ಆ ಗುರಿ ಮುಟ್ಟಿದಂತಾಗುವುದಿಲ್ಲ. ಮಾರ್ಗಸೂಚಿಯಂತೆ ಊರೊಳಗಿನ ಕಾಮಗಾರಿ ವೆಚ್ಚದ ಶೇ 10ರಷ್ಟನ್ನು ಸಮುದಾಯ ವಂತಿಗೆಯಾಗಿ ಕೊಡಬೇಕು. ಪರಿಶಿಷ್ಟ ಜಾತಿ, ಪಂಗಡದವರು ಅರ್ಧಕ್ಕಿಂತ ಹೆಚ್ಚಿರುವ ಹಳ್ಳಿಗಳಲ್ಲಿ ಇದು ಶೇ 5. ಹಣವಾಗಿಯಲ್ಲದೆ ಶ್ರಮದಾನವಾಗಿಯೂ ಕೊಡಬಹುದು. ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿಯಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. ಸಮಿತಿ ಕಾಗದದ ಮೇಲಷ್ಟೇ ಇದೆಯೋ, ಸಭೆ ಸೇರುತ್ತಿದೆಯೋ ಎಂದು ಕೇಳುವುದು ವಂತಿಗೆ ಕೊಟ್ಟವರ ಹಕ್ಕು.

ಎರಡನೆಯ ಮೂಲ ಹಣಕಾಸು ಆಯೋಗದ ಅನುದಾನ. 15ನೇ ಆಯೋಗ 2021ರಿಂದ 2026ರ ಅವಧಿಗೆ ಪಂಚಾಯಿತಿಗಳಿಗೆ ಶಿಫಾರಸು ಮಾಡಿದ ಅನುದಾನದಲ್ಲಿ ಶೇ 60 ನಿರ್ಬಂಧಿತ. ಅದರಲ್ಲಿ ಅರ್ಧ ನೈರ್ಮಲ್ಯಕ್ಕೆ, ಇನ್ನರ್ಧ ಕುಡಿಯುವ ನೀರು, ಮಳೆನೀರು ಸಂಗ್ರಹ, ನೀರಿನ ಮರುಬಳಕೆಗೆ. ಈ ಹಣದಲ್ಲಿ ಸಿಮೆಂಟ್ ರಸ್ತೆಯಾಗಲಿ ಕಮಾನಾಗಲಿ ಕಟ್ಟುವಂತಿಲ್ಲ. ಲೆಕ್ಕ ನೋಡಲು ಜಮಾಬಂದಿ ಇದೆ. ಪ್ರತಿ ವರ್ಷ ಆಗಸ್ಟ್ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ ನಡೆಯುವ ಈ ಬಹಿರಂಗ ತಪಾಸಣೆಯಲ್ಲಿ ಪಂಚಾಯಿತಿಯ ಹಿಂದಿನ ವರ್ಷದ ಖರ್ಚು, ಕಡತ, ಕಾಮಗಾರಿಗಳನ್ನು ಜನರೆದುರೇ ಪರಿಶೀಲಿಸಬೇಕು. ಜಮಾಬಂದಿಯ ದಿನ ಪಂಚಾಯಿತಿ ಕಟ್ಟೆಯಲ್ಲಿ ಜನರಿಲ್ಲದಿದ್ದರೆ ಅದು ಸಹಿ ಹಾಕುವ ಶಾಸ್ತ್ರವಾಗಿ ಮುಗಿಯುತ್ತದೆ. ವಾರ್ಷಿಕ ಯೋಜನೆಯನ್ನು ಇ-ಗ್ರಾಮಸ್ವರಾಜ್ ಜಾಲತಾಣದಲ್ಲಿ ಮೊಬೈಲ್‌ನಲ್ಲೇ ನೋಡಬಹುದು.

ಕಾಮಗಾರಿಗೆ ಸಿಗುವ ಗಮನ ಪರೀಕ್ಷೆಗೆ ಸಿಗದಿದ್ದರೆ ಏನಾಗುತ್ತದೆ? 2022ರ ಮೇ, ಜೂನ್‌ನಲ್ಲಿ ರಾಯಚೂರು ನಗರದಲ್ಲಿ, ಮರುವರ್ಷ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದವರು ಪ್ರಾಣ ಕಳೆದುಕೊಂಡರು. ಎರಡೂ ಕಡೆ ಜನ ಕುಡಿದದ್ದು ನಲ್ಲಿಯಲ್ಲಿ ಬಂದ ನೀರನ್ನೇ. ಜಲ ಜೀವನ್ ಮಾರ್ಗಸೂಚಿಯ ಪ್ರಕಾರ ಪ್ರತಿ ನೀರಿನ ಮೂಲಕ್ಕೂ ವರ್ಷಕ್ಕೆ ಒಮ್ಮೆ ರಾಸಾಯನಿಕ ಪರೀಕ್ಷೆ, ಮಳೆಗಾಲದ ಮುನ್ನ ಮತ್ತು ನಂತರ ಸೂಕ್ಷ್ಮಾಣು ಪರೀಕ್ಷೆ ಆಗಬೇಕು. ಊರಿನ ಐವರು ಮಹಿಳೆಯರಿಗೆ ಪರೀಕ್ಷಾ ಕಿಟ್ ಬಳಸುವ ತರಬೇತಿ ಸಿಗಬೇಕು. ಇದಕ್ಕಾಗಿಯೇ ಅನುದಾನದಲ್ಲಿ ಪ್ರತ್ಯೇಕ ಪಾಲಿದೆ. ವರದಿ ಓದುವುದೂ ಕಷ್ಟವಲ್ಲ. ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ಮೂಲವೇ ಇಲ್ಲದಿದ್ದರೆ 1.5. ನೈಟ್ರೇಟ್ 45 ಮಿಲಿಗ್ರಾಂ. 100 ಮಿಲಿಲೀಟರ್ ನೀರಿನಲ್ಲಿ ಇ-ಕೋಲಿ ಒಂದೂ ಕಾಣಬಾರದು. ಪಾವಗಡದಂತಹ ಫ್ಲೋರೈಡ್ ಪೀಡಿತ ಸೀಮೆಯಲ್ಲಿ ಈ ಅಂಕಿಗಳು ಮನೆಮಾತಾಗಬೇಕು.

ವರದಿ ಕೊಡದಿದ್ದರೆ ಮಾಹಿತಿ ಹಕ್ಕು ಇದೆ. ಶುಲ್ಕ ₹10, ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರಬಾರದು. ಹೀಗಾಗಿ ಪರೀಕ್ಷಾ ವರದಿಗೆ ಒಂದು ಅರ್ಜಿ, ಖರ್ಚಿನ ಲೆಕ್ಕಕ್ಕೆ ಇನ್ನೊಂದು ಬರೆಯುವುದು ಲೇಸು. ಉತ್ತರಕ್ಕೆ 30 ದಿನ. ಜೀವಕ್ಕೆ ಸಂಬಂಧಿಸಿದ ಮಾಹಿತಿಯಾದರೆ 48 ಗಂಟೆ. ಊರಿನಲ್ಲಿ ವಾಂತಿಭೇದಿ ಹಬ್ಬಿದಾಗ ಅರ್ಜಿಯ ತಲೆಯಲ್ಲೇ ಇದನ್ನು ನಮೂದಿಸಬೇಕು. ಹೆಚ್ಚಿನವರಿಗೆ ಗೊತ್ತಿಲ್ಲದ ಇನ್ನೊಂದು ಅವಕಾಶವೂ ಈ ಕಾಯ್ದೆಯಲ್ಲಿದೆ: ಕಡತ ನೋಡುವುದಷ್ಟೇ ಅಲ್ಲ, ಸರ್ಕಾರಿ ಕಾಮಗಾರಿಯನ್ನು ಸ್ಥಳದಲ್ಲೇ ಪರಿಶೀಲಿಸಬಹುದು, ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿ ಕೇಳಬಹುದು.

ಕಾರ್ಖಾನೆಯ ತ್ಯಾಜ್ಯ ಹಳ್ಳಕ್ಕೆ ಬಂದರೆ ಬಾಗಿಲು ಬೇರೆ. 1974ರ ಜಲ ಕಾಯ್ದೆಯಡಿ ಮಾಲಿನ್ಯ ನಿಯಂತ್ರಣ ಮಂಡಳಿ ಪ್ರತಿ ಘಟಕಕ್ಕೂ ಷರತ್ತು ಹಾಕಿಯೇ ಸಮ್ಮತಿ ಕೊಡುತ್ತದೆ. ಆ ಷರತ್ತುಗಳ ರಿಜಿಸ್ಟರನ್ನು, ಕಲುಷಿತ ನೀರಿನಿಂದ ಬಾಧಿತರಾದ ಯಾರೇ ಆದರೂ ಕಚೇರಿ ವೇಳೆಯಲ್ಲಿ ನೋಡಬಹುದು ಎನ್ನುತ್ತದೆ 25ನೇ ಕಲಂ. ಮಂಡಳಿ ಸುಮ್ಮನಿದ್ದರೆ, ದೂರು ಹೂಡುವ ಇರಾದೆಯನ್ನು 60 ದಿನ ಮುಂಚಿತವಾಗಿ ಲಿಖಿತ ನೋಟಿಸ್‌ನಲ್ಲಿ ತಿಳಿಸಿ ನಾಗರಿಕರೇ ಮುಂದುವರಿಯಬಹುದು. ಕೇಂದ್ರ ಮಂಡಳಿ 2018ರಲ್ಲಿ ಗುರುತಿಸಿದ ಕಲುಷಿತ ನದಿಪಾತ್ರಗಳಲ್ಲಿ ರಾಜ್ಯದ 17 ಇವೆ. ಅರ್ಕಾವತಿ, ಲಕ್ಷ್ಮಣತೀರ್ಥ, ಮಲಪ್ರಭಾ, ತುಂಗಭದ್ರಾ ಆ ಪಟ್ಟಿಯಲ್ಲಿವೆ. ಹಸಿರು ನ್ಯಾಯಮಂಡಳಿಯ ಆದೇಶದಂತೆ ಪ್ರತಿಯೊಂದಕ್ಕೂ ಕ್ರಿಯಾಯೋಜನೆ ಸಿದ್ಧವಾಗಬೇಕಿತ್ತು. ನದಿದಂಡೆಯ ಊರಿನವರು ತಮ್ಮ ನದಿಯ ಯೋಜನೆಯ ಪ್ರತಿ ತರಿಸಿಕೊಂಡು, ಯಾವ ಘಟಕಕ್ಕೆ ಎಷ್ಟು ಹಣ, ಯಾವ ಗಡುವು ಎಂದು ಗುರುತು ಹಾಕಿಕೊಳ್ಳುವುದರಿಂದಲೇ ಕೆಲಸ ಶುರುವಾಗುತ್ತದೆ.

ಹಸಿರು ನ್ಯಾಯಮಂಡಳಿಯ ದಕ್ಷಿಣ ವಲಯ ಪೀಠ ಚೆನ್ನೈನಲ್ಲಿದೆ. ಅರ್ಜಿಯನ್ನು ಆನ್‌ಲೈನ್‌ನಲ್ಲೇ ಸಲ್ಲಿಸಬಹುದು, ಪರಿಹಾರ ಕೇಳದ ಅರ್ಜಿಗೆ ಶುಲ್ಕ ₹1,000. ಇಲ್ಲಿ ಎಡವುವುದು ಕಾಲಮಿತಿಯಲ್ಲಿ: ಮಾಲಿನ್ಯ ತಡೆಗಾಗಿ ತಕರಾರು ಹುಟ್ಟಿದ ಆರು ತಿಂಗಳೊಳಗೆ, ಪರಿಹಾರಕ್ಕಾಗಿ ಐದು ವರ್ಷದೊಳಗೆ ಹೋಗಬೇಕು. ಸೂಕ್ತ ಕಾರಣವಿದ್ದರೆ ಇನ್ನೂ 60 ದಿನ ಸಿಗುತ್ತದೆ, ಆಮೇಲೆ ಇಲ್ಲ. ಕಚೇರಿಗಳಿಗೆ ಅಲೆಯುವುದರಲ್ಲೇ ಆರು ತಿಂಗಳು ಕಳೆದುಹೋಗಬಾರದು.

ನೀರು ಪೂರೈಕೆಯ ತಕರಾರಿಗೆ ಕಾಯಂ ಲೋಕ ಅದಾಲತ್ ಇನ್ನೂ ಹತ್ತಿರದ ದಾರಿ. ರಾಜ್ಯದ ಕೆಲವು ನಗರಗಳಲ್ಲಿರುವ ಇವು ನೀರು, ನೈರ್ಮಲ್ಯದಂತಹ ಸಾರ್ವಜನಿಕ ಸೇವೆಗಳ ವ್ಯಾಜ್ಯವನ್ನು ನ್ಯಾಯಾಲಯ ಶುಲ್ಕವಿಲ್ಲದೆ ಕೈಗೆತ್ತಿಕೊಳ್ಳುತ್ತವೆ. ರಾಜಿಯಾಗದಿದ್ದರೆ ತೀರ್ಪನ್ನೂ ಕೊಡುತ್ತವೆ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವಿಗೆ ಅರ್ಹರು. ತಾಲ್ಲೂಕು ನ್ಯಾಯಾಲಯದ ಆವರಣದಲ್ಲೇ ಕಾನೂನು ಸೇವೆಗಳ ಸಮಿತಿಯಿದೆ, ಸಹಾಯವಾಣಿ 15100. ಅಲ್ಲಿಗೆ ಹೋಗುವಾಗ ಗ್ರಾಮ ಸಭೆ ನಡಾವಳಿಯ ಪ್ರತಿ, ಹಿಂಬರಹ, ಪ್ರಯೋಗಾಲಯದ ವರದಿ ಈ ಮೂರೂ ಕೈಯಲ್ಲಿರಲಿ.