ಗೋಡೆಯ ಬಾತು, ಕೆರೆಯ ಬಾತು

ಬೀದರ ಕೋಟೆಯ ರಂಗೀನ್ ಮಹಲನ್ನು ಹೊಕ್ಕವರು ಗೋಡೆಗಳನ್ನೇ ನೋಡುತ್ತ ನಿಲ್ಲುತ್ತಾರೆ. ಕರಿಗಲ್ಲಿನಲ್ಲಿ ಕೂರಿಸಿದ ಮುತ್ತಿನ ಚಿಪ್ಪು, ಬಣ್ಣದ ಹೆಂಚು, ಮರದ ಕೆತ್ತನೆ ಇವೆಲ್ಲ ಶತಮಾನಗಳು ಕಳೆದರೂ ಕಣ್ಣನ್ನು ಸೆಳೆಯುತ್ತವೆ. ಗೋಡೆಯನ್ನು ಸಿಂಗರಿಸುವ ಆಸೆ ಅರಮನೆಗಳಿಗೆ ಮಾತ್ರ ಸೇರಿದುದಲ್ಲ. ಹಳೆಯ ಪಕ್ಷಿಗ್ರಂಥಗಳ ಚಿತ್ರಗಳಿಗೆ ಚೌಕಟ್ಟು ಹಾಕಿಸಿ ಮನೆಗಳಲ್ಲಿಯೂ ಶಾಲೆಗಳಲ್ಲಿಯೂ ತೂಗುಹಾಕುವ ರೂಢಿಯುಂಟು. ನಮ್ಮ ಕೆರೆಗಳ ಬಾತುಗಳೂ ಆ ಚಿತ್ರಗಳಲ್ಲಿವೆ. ಇಂತಹ ಚಿತ್ರವು ಬರಿಯ ಅಲಂಕಾರವೇ ಅಥವಾ ಅದರಿಂದ ಕಲಿಯತಕ್ಕದ್ದೇನಾದರೂ ಉಂಟೇ? ವಿಚಾರ ಮಾಡೋಣ.

ಛಾಯಾಚಿತ್ರವು ಬಣ್ಣವನ್ನು ಹಿಡಿಯಲು ಕಲಿಯುವ ಮೊದಲು ಹಕ್ಕಿಯ ರೂಪವನ್ನು ದೂರದವರಿಗೆ ತಿಳಿಸಲು ಚಿತ್ರಕಾರನ ಕುಂಚವೇ ಸಾಧನವಾಗಿತ್ತು. ಹ್ಯೂಮ್ ಮತ್ತು ಮಾರ್ಷಲ್ ಎಂಬುವರು 1879ರಿಂದ 1881ರ ವರೆಗೆ ಭಾರತ, ಬರ್ಮಾ ಮತ್ತು ಸಿಂಹಳದ ಬೇಟೆಹಕ್ಕಿಗಳನ್ನು ಕುರಿತು ಮೂರು ಸಚಿತ್ರ ಸಂಪುಟಗಳನ್ನು ಹೊರತಂದರು. 1908ರಲ್ಲಿ ಸ್ಟುವರ್ಟ್ ಬೇಕರ್ ಭಾರತದ ಬಾತುಗಳನ್ನು ಕುರಿತೇ ಒಂದು ಗ್ರಂಥವನ್ನು ಪ್ರಕಟಿಸಿದನು. ಗ್ರೋನ್‌ವೋಲ್ಡ್, ಲಾಡ್ಜ್, ಕ್ಯೂಲೆಮನ್ಸ್ ಎಂಬ ಚಿತ್ರಕಾರರ ವರ್ಣಚಿತ್ರಗಳು ಅದರಲ್ಲಿವೆ.

ಇಂತಹ ಚಿತ್ರಗಳನ್ನು ಅಚ್ಚು ಮಾಡುತ್ತಿದ್ದುದು ಕಲ್ಲಿನಿಂದ. 1796ರ ಸುಮಾರಿನಲ್ಲಿ ಜರ್ಮನಿಯ ಸೆನೆಫೆಲ್ಡರ್ ಕಂಡುಹಿಡಿದ ಈ ಕಲ್ಲಚ್ಚಿನ ತತ್ತ್ವ ಬಹಳ ಸರಳವಾದುದು. ಜಿಡ್ಡಿಗೂ ನೀರಿಗೂ ಕೂಡಿಬರುವುದಿಲ್ಲ. ನುಣುಪಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಬಳಪದಿಂದ ಚಿತ್ರ ಬರೆದು, ಕಲ್ಲನ್ನು ಹದಗೊಳಿಸಿ, ನೀರಿನಿಂದ ತೋಯಿಸುತ್ತಾರೆ. ಬಳಿಕ ಎಣ್ಣೆಮಸಿಯನ್ನು ಹಚ್ಚಿದರೆ ಅದು ಗೆರೆಗಳಿಗೆ ಮಾತ್ರ ಅಂಟುತ್ತದೆ. ತೇವವಿರುವ ಭಾಗ ಮಸಿಯನ್ನು ಒಲ್ಲದು. ಬಣ್ಣದ ಚಿತ್ರಕ್ಕಾದರೆ ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು ಬೇಕು. ಬಾತು ನೀರಿನಲ್ಲಿದ್ದೂ ನೆನೆಯದಿರುವುದಕ್ಕೆ ಇಂತಹುದೇ ಗುಣ ಸಹಾಯಕ. ಅದರ ಗರಿಗಳ ಸೂಕ್ಷ್ಮ ಹೆಣಿಗೆ ನೀರನ್ನು ತಡೆಯುತ್ತದೆ. ಬಾಲದ ಬುಡದ ಗ್ರಂಥಿಯಿಂದ ಕೊಕ್ಕಿನಿಂದ ತೆಗೆದು ಸವರಿಕೊಳ್ಳುವ ಜಿಡ್ಡು ಆ ಗರಿಗಳನ್ನು ಸುಸ್ಥಿತಿಯಲ್ಲಿಡುತ್ತದೆ.

ಚಿತ್ರ ಸುಂದರವಾಗಿದ್ದ ಮಾತ್ರಕ್ಕೆ ನಿಜವೆಂದು ನಂಬಬಹುದೇ? ಚಿತ್ರಕಾರನ ಮುಂದೆ ಅನೇಕ ವೇಳೆ ಇರುತ್ತಿದ್ದುದು ಜೀವಂತ ಹಕ್ಕಿಯಲ್ಲ, ಒಣಗಿಸಿ ತುಂಬಿದ ಚರ್ಮ. ಗರಿಗಳ ಬಣ್ಣ ಬಹುಕಾಲ ಉಳಿದರೂ ಕೊಕ್ಕು, ಕಾಲು, ಕಣ್ಣುಗಳ ಬಣ್ಣ ಸತ್ತ ಬಳಿಕ ಮಾಸಿಹೋಗುತ್ತದೆ. ಹ್ಯೂಮನಿಗೆ ತನ್ನ ಗ್ರಂಥದ ಚಿತ್ರಗಳೇ ತೃಪ್ತಿ ಕೊಡಲಿಲ್ಲ. ಅವುಗಳ ದೋಷಗಳನ್ನು ಅವನು ಆ ಗ್ರಂಥದಲ್ಲಿಯೇ ತೋರಿಸಿಕೊಟ್ಟನು. ತನ್ನ ತಪ್ಪನ್ನು ತಾನೇ ಹೇಳುವುದು ವಿಜ್ಞಾನದ ಒಳ್ಳೆಯ ನಡತೆ.

ಆದುದರಿಂದ ಚಿತ್ರವನ್ನು ಕೆರೆಯೊಡನೆ ಹೋಲಿಸಿ ನೋಡಬೇಕು. ಬೀದರ ಜಿಲ್ಲೆಯ ವಿದ್ಯಾರ್ಥಿಗಳಿಗೆ ಇದು ಸುಲಭ. ಭಾಲ್ಕಿ ತಾಲ್ಲೂಕಿನಲ್ಲಿ ಕಾರಂಜಾ ಜಲಾಶಯವಿದೆ. ಔರಾದ ಕಡೆಯವರಿಗೆ ಮಾಂಜ್ರಾ ನದಿ ಹತ್ತಿರ. ವರಟೆ ಎಂಬ ಬಾತನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಇದು ವಲಸೆಯ ಅತಿಥಿಯಲ್ಲ, ನಮ್ಮ ನಾಡಿನಲ್ಲಿಯೇ ಮರಿಮಾಡುವ ಹಕ್ಕಿ. ಕಪ್ಪು ಕೊಕ್ಕಿನ ತುದಿ ಹಳದಿ, ಕೊಕ್ಕಿನ ಬುಡದಲ್ಲಿ ಕೆಂಪು ಚುಕ್ಕೆ, ಕಾಲು ಕಿತ್ತಳೆಗೆಂಪು, ರೆಕ್ಕೆಯಲ್ಲಿ ಬಿಳಿಯ ಅಂಚಿನ ಹೊಳೆಯುವ ಹಸಿರು ಪಟ್ಟಿ. ಈ ಹಸಿರು ಬಣ್ಣದ್ರವ್ಯದಿಂದ ಬಂದುದಲ್ಲ, ಗರಿಯ ಸೂಕ್ಷ್ಮ ರಚನೆಯಲ್ಲಿ ಬೆಳಕು ಪ್ರತಿಫಲಿಸುವುದರಿಂದ ಬಂದುದು. ನೋಡುವ ಕೋನ ಬದಲಾದಂತೆ ಅದೂ ಬದಲಾಗುತ್ತದೆ. ಚಿತ್ರದ ಮಸಿಗೆ ಈ ಶಕ್ತಿ ಇಲ್ಲ. ಎಷ್ಟೇ ನಿಪುಣ ಚಿತ್ರಕಾರನಾದರೂ ಅದರ ಒಂದು ಕ್ಷಣವನ್ನು ಮಾತ್ರ ಕೊಡಬಲ್ಲನು.

ಹಾಗೆಂದು ಚಿತ್ರ ನಿಷ್ಪ್ರಯೋಜಕವಲ್ಲ. ಗುಲಾಬಿ ತಲೆಯ ಬಾತು ಎಂಬ ಹಕ್ಕಿ ಹಿಂದೆ ಗಂಗಾಬಯಲಿನ ಜೌಗುಗಳಲ್ಲಿತ್ತು. 18ನೆಯ ಶತಮಾನದಲ್ಲಿ ಕಲಕತ್ತೆಯಲ್ಲಿ ಭವಾನಿದಾಸ ಎಂಬ ಚಿತ್ರಕಾರನು ಅದನ್ನು ಬರೆದನು. 1790ರಲ್ಲಿ ಲ್ಯಾಥಮ್ ಅದಕ್ಕೆ ಶಾಸ್ತ್ರೀಯ ಹೆಸರಿಟ್ಟನು. 1935ರಲ್ಲಿ ದರ್ಭಾಂಗಾದಲ್ಲಿ ಒಂದು ಹಕ್ಕಿಯನ್ನು ಹೊಡೆದ ದಾಖಲೆಯಿದೆ. ಕಳೆದ ಎಪ್ಪತ್ತು ವರ್ಷಗಳಿಗೂ ಮೀರಿ ಅದು ಜೀವಂತವಾಗಿರುವುದಕ್ಕೆ ಒಪ್ಪತಕ್ಕ ಸಾಕ್ಷ್ಯ ದೊರೆತಿಲ್ಲ. ಈಗ ನಮಗೆ ಉಳಿದಿರುವುದು ಕೆಲವು ಚರ್ಮಗಳು, ಹಳೆಯ ಫೋಟೋಗಳು, ಈ ಚಿತ್ರಗಳು. ಇಲ್ಲಿ ಚಿತ್ರವನ್ನು ಹೋಲಿಸಿ ನೋಡಲು ಕೆರೆಯಲ್ಲಿ ಹಕ್ಕಿಯೇ ಇಲ್ಲ! ಕೆರೆಗಳ ಜೌಗಂಚನ್ನು ಒತ್ತುವರಿ ಮಾಡುವವರು ಇದನ್ನು ನೆನೆಯಬೇಕು.

ಚಿತ್ರವನ್ನು ಗೋಡೆಗೆ ಹಾಕುವವರು ಕೆಲವು ಸಂಗತಿಗಳನ್ನು ಗಮನಿಸಬೇಕು. ಬೀದರದ ಹೆಂಚಿನ ಬಣ್ಣ ಬೆಂಕಿಯಲ್ಲಿ ಬೆಂದ ಲೋಹದ ಆಕ್ಸೈಡಿನದು, ಬಿಸಿಲಿಗೆ ಮಾಸದು. ಕಾಗದದ ಬಣ್ಣ ಮಾಸುತ್ತದೆ. ಆದುದರಿಂದ ನೇರ ಬಿಸಿಲೂ ತೇವವೂ ತಾಗದ ಗೋಡೆಯನ್ನು ಆರಿಸಿರಿ. ಹಳೆಯ ಪುಸ್ತಕದ ಹಾಳೆಯನ್ನು ಹರಿಯಬೇಡಿ, ಅಚ್ಚುಪ್ರತಿಯೇ ಸಾಕು. ಚೌಕಟ್ಟಿನ ಕೆಳಗೆ ಹಕ್ಕಿಯ ಹೆಸರು, ಚಿತ್ರಕಾರನ ಹೆಸರು, ವರ್ಷ ಇವನ್ನು ಬರೆಯಿರಿ. ಚಳಿಗಾಲದ ಒಂದು ಬೆಳಗ್ಗೆ ಕಾರಂಜಾದ ದಡಕ್ಕೆ ಹೋಗಿ, ದೂರದಲ್ಲಿಯೇ ಕುಳಿತು ಕೊಕ್ಕು, ಕಾಲು, ರೆಕ್ಕೆಗಳನ್ನು ನೋಡಿ ಟಿಪ್ಪಣಿ ಮಾಡಿರಿ. ಮನೆಗೆ ಬಂದು ಚಿತ್ರದೊಡನೆ ಹೋಲಿಸಿರಿ. ತಪ್ಪು ಚಿತ್ರದ್ದೋ ನಮ್ಮ ಕಣ್ಣಿನದೋ ಎಂದು ತಿಳಿಯಲು ಮರುದಿನ ಮತ್ತೆ ಕೆರೆಗೆ ಹೋಗಬೇಕಾಗುತ್ತದೆ. ಗೋಡೆಯ ಬಾತು ನಮಗೆ ಮಾಡುವ ದೊಡ್ಡ ಉಪಕಾರ ಅದೇ.