ಡೇರಿಗೆ ಓಡುವ ಗಾಡಿಯ ಪೆಟ್ರೋಲ್ ಲೆಕ್ಕ

ಒಂದು ಲೀಟರ್ ಪೆಟ್ರೋಲ್ ಹಾಕಿಸಲು ಈಗ ಸುಮಾರು ಮೂರು ಲೀಟರ್ ಹಾಲಿನ ಹಣ ಬೇಕು. ಹಿಂಡಿ, ಬೂಸಾದ ಲೆಕ್ಕ ಇಡುವ ನೀವು ದಿನಕ್ಕೆರಡು ಸಲ ಡೇರಿಗೆ ಓಡುವ ಸ್ಕೂಟರಿನ ಲೆಕ್ಕವನ್ನೂ ಇಡಿ.

ಮೊದಲು ಚಕ್ರ ನೋಡಿ. ಗಾಳಿ ಕಡಿಮೆಯಿದ್ದು, ಮೇಲೆ ಕ್ಯಾನಿನ ಭಾರವೂ ಬಿದ್ದರೆ ಎಂಜಿನ್ ಹೆಚ್ಚು ದುಡಿಯಬೇಕು. ವಾರಕ್ಕೊಮ್ಮೆ ಗಾಳಿ ಹಿಡಿಸಿ. ಬ್ರೇಕ್ ಉಜ್ಜುತ್ತಿದ್ದರೆ ಸರಿ ಮಾಡಿಸಿ. ಮಣ್ಣಿನ ರಸ್ತೆಯ ಊರಾದರೆ ಏರ್ ಫಿಲ್ಟರ್ ಬೇಗ ಧೂಳು ಹಿಡಿಯುತ್ತದೆ, ಮೆಕ್ಯಾನಿಕ್‌ಗೆ ನೆನಪಿಸಿ.

ಹಾಲು ಕೆಡುತ್ತದೆಂದು ಜೋರಾಗಿ ಓಡಿಸಿ, ಹಂಪ್ ಬಳಿ ಗಕ್ಕನೆ ಬ್ರೇಕ್ ಹಾಕಿದರೆ ಪೆಟ್ರೋಲೂ ಪೋಲು, ಹಾಲೂ ಚೆಲ್ಲುತ್ತದೆ. ಬೇಗ ತಲುಪಬೇಕೆಂದರೆ ಕರೆದ ಕೂಡಲೇ ಹೊರಡಿ, ಒಂದೇ ಹದದಲ್ಲಿ ಹೋಗಿ. ಡೇರಿಯ ಸಾಲಿನಲ್ಲಿ ನಿಂತಾಗ ಎಂಜಿನ್ ಆಫ್ ಮಾಡಿ.

ಪಶುವೈದ್ಯೆಯಾಗಿ ಇದನ್ನು ಒತ್ತಿ ಹೇಳುತ್ತೇನೆ: ಕೊಟ್ಟಿಗೆಯೊಳಗೆ ಗಾಡಿ ಸ್ಟಾರ್ಟ್ ಮಾಡಿ ಬಿಡಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ. ಮುಚ್ಚಿದ ಜಾಗದಲ್ಲಿ ಅದು ಕರುವಿಗೂ ಮಗುವಿಗೂ ವಿಷವೇ.

ಒಂದು ಲೀಟರ್ ಪೆಟ್ರೋಲ್ ಉರಿದರೆ 2 ಕೆ.ಜಿ.ಗಿಂತ ಹೆಚ್ಚು ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಅದನ್ನು ಅರ್ಧಕ್ಕಿಳಿಸುವ ಸುಲಭದ ದಾರಿ ಪಕ್ಕದ ಮನೆಯವರ ಜೊತೆ ಸರದಿ. ಬೆಳಿಗ್ಗೆ ಎರಡೂ ಮನೆಯ ಕ್ಯಾನ್ ನೀವು ಒಯ್ಯಿರಿ, ಸಂಜೆ ಅವರು ಒಯ್ಯಲಿ. ಹಾಲು ಮಾತ್ರ ಬೆರೆಸಬೇಡಿ. ಫ್ಯಾಟು, ಡಿಗ್ರಿ ಅವರವರ ಪುಸ್ತಕಕ್ಕೇ ಬರಬೇಕು.