ರಕ್ತಪರೀಕ್ಷೆ ಮತ್ತು ಸೆಂಟ್ರಿಫ್ಯೂಜ್ ಯಂತ್ರ: ಹೊತ್ತು ಮೀರಿದರೆ ಫಲಿತಾಂಶ ತಪ್ಪುತ್ತದೆ

ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಗೆ ಮುಂಜಾನೆಯೇ ಬರುವ ರೈತರಲ್ಲಿ ಕೆಲವರು ಅದೇ ಖಾಲಿ ಹೊಟ್ಟೆಯಲ್ಲಿ ರಕ್ತಪರೀಕ್ಷೆಯನ್ನೂ ಮುಗಿಸಿಕೊಂಡು ಹೋಗುವುದುಂಟು. ತೋಳಿನಿಂದ ರಕ್ತ ತೆಗೆದ ಕೂಡಲೇ ಪರೀಕ್ಷೆಯ ಮುಖ್ಯ ಕಾರ್ಯ ಮುಗಿಯಿತೆಂದು ಅವರು ಭಾವಿಸುತ್ತಾರೆ. ಆದರೆ ಫಲಿತಾಂಶ ನಂಬಲರ್ಹವೇ ಅಲ್ಲವೇ ಎಂಬುದು ಬಹುಮಟ್ಟಿಗೆ ನಿರ್ಧಾರವಾಗುವುದು ಅಲ್ಲಿಂದ ಮುಂದಿನ ಎರಡು ಗಂಟೆಗಳಲ್ಲಿ. ಸಣ್ಣ ಊರಿನ ಸಂಗ್ರಹ ಕೇಂದ್ರಗಳಿಂದ ಮಾದರಿಗಳು ರಾಣೆಬೆನ್ನೂರಿಗೋ ಹಾವೇರಿಗೋ, ಕೆಲವೊಮ್ಮೆ ಇನ್ನೂ ದೂರಕ್ಕೋ ಸಾಗುವಾಗ ಈ ಅವಧಿ ಸುಲಭವಾಗಿ ಮೀರಿಹೋಗುತ್ತದೆ. ಆ ಹೊತ್ತಿನೊಳಗೆ ಕೆಲಸ ಮಾಡಬೇಕಾದ ಯಂತ್ರವೇ ಸೆಂಟ್ರಿಫ್ಯೂಜ್.

ಯಂತ್ರದ ತತ್ತ್ವ

ರಕ್ತವು ಒಂದೇ ದ್ರವವಲ್ಲ. ಕೆಂಪು ಕಣಗಳು, ಬಿಳಿ ಕಣಗಳು ಮತ್ತು ಕಿರುತಟ್ಟೆಗಳು ಹಳದಿ ಛಾಯೆಯ ಪ್ಲಾಸ್ಮಾದಲ್ಲಿ ತೇಲುತ್ತಿರುತ್ತವೆ. ಹೆಪ್ಪುಗಟ್ಟಿದ ರಕ್ತದಿಂದ ಬೇರ್ಪಡುವ ತಿಳಿದ್ರವಕ್ಕೆ ಸೀರಮ್ ಅಥವಾ ರಕ್ತಸಾರವೆಂದು ಹೆಸರು. ಮೂತ್ರಪಿಂಡ, ಯಕೃತ್ತು, ಥೈರಾಯಿಡ್ ಮುಂತಾದವುಗಳ ಪರೀಕ್ಷೆಗಳು ಸಾಮಾನ್ಯವಾಗಿ ನಡೆಯುವುದು ಈ ರಕ್ತಸಾರದ ಮೇಲೆ.

ಹೊಲದಲ್ಲಿ ಹಕ್ಕಿ ಓಡಿಸಲು ಕವಣೆ ಬೀಸಿದವರಿಗೆ, ತಿರುಗುವ ಕಲ್ಲು ಹೊರಮುಖವಾಗಿ ಸೆಳೆಯುವ ಅನುಭವ ಇದ್ದೇ ಇರುತ್ತದೆ. ಸೆಂಟ್ರಿಫ್ಯೂಜ್ ಅದೇ ಸೆಳೆತವನ್ನು ಬಳಸಿ ಭಾರವಾದ ಕಣಗಳನ್ನು ನಳಿಕೆಯ ತಳಕ್ಕೆ ತಳ್ಳುತ್ತದೆ. ಹಗುರವಾದ ದ್ರವ ಮೇಲೆ ಉಳಿಯುತ್ತದೆ. ತಿರುಗುವ ವೇಗ ಎರಡು ಪಟ್ಟಾದರೆ ಸೆಳೆತ ನಾಲ್ಕು ಪಟ್ಟಾಗುತ್ತದೆ. ಹತ್ತು ಸೆಂಟಿಮೀಟರ್ ತ್ರಿಜ್ಯದ ಯಂತ್ರವು ನಿಮಿಷಕ್ಕೆ 3,000 ಸುತ್ತು ತಿರುಗಿದಾಗ ಭೂಮಿಯ ಗುರುತ್ವಕ್ಕಿಂತ ಸುಮಾರು 1,000 ಪಟ್ಟು ಬಲ ಉಂಟಾಗುತ್ತದೆ. 12,000 ಸುತ್ತಿನಲ್ಲಿ ಅದು 16,000 ಪಟ್ಟು. ರಕ್ತಸಾರ ಬೇರ್ಪಡಿಸಲು ಮೊದಲನೆಯ ವೇಗದಲ್ಲಿ ಹತ್ತು ನಿಮಿಷ ಸಾಕು. ರಕ್ತಹೀನತೆಯನ್ನು ಅರಿಯಲು ಸಪೂರ ನಳಿಕೆಯಲ್ಲಿ ಕೆಂಪು ಕಣಗಳ ಪ್ರಮಾಣ ಅಳೆಯುವಾಗ ಮಾತ್ರ ಅತಿವೇಗ ಬೇಕಾಗುತ್ತದೆ. ಮೂತ್ರದ ಮಾದರಿಗೆ ಇನ್ನೂ ಕಡಿಮೆ ವೇಗ ಸಾಕು. ವೇಗ ಹೆಚ್ಚಿದಷ್ಟೂ ಒಳ್ಳೆಯದೆಂಬ ಎಣಿಕೆ ಸರಿಯಲ್ಲ.

ಕ್ರಮ ತಪ್ಪಿದರೆ

ಸೀರಮ್ ಪರೀಕ್ಷೆಯ ನಳಿಕೆಯನ್ನು ಸುಮಾರು ಅರ್ಧ ಗಂಟೆ ನೆಟ್ಟಗೆ ನಿಲ್ಲಿಸಿ ರಕ್ತ ಹೆಪ್ಪುಗಟ್ಟಲು ಬಿಡಬೇಕು. ಅವಸರದಿಂದ ಮೊದಲೇ ತಿರುಗಿಸಿದರೆ ರಕ್ತಸಾರದಲ್ಲಿ ನಾರಿನ ಎಳೆಗಳು ಉಳಿದು ಪರೀಕ್ಷಾ ಯಂತ್ರಕ್ಕೆ ಅಡ್ಡಿಯಾಗುತ್ತವೆ. ಅತಿಯಾಗಿ ತಡಮಾಡಿದರೆ ಬೇರೆಯೇ ಅಪಾಯ. ದೇಹದಿಂದ ಹೊರಬಂದ ಮೇಲೂ ರಕ್ತಕಣಗಳು ಜೀವಂತವಾಗಿದ್ದು ಸುತ್ತಲಿನ ಸಕ್ಕರೆಯನ್ನು ಬಳಸಿಕೊಳ್ಳುತ್ತಲೇ ಇರುತ್ತವೆ. ಬೇರ್ಪಡಿಸದ ರಕ್ತದಲ್ಲಿ ಸಕ್ಕರೆಯ ಅಂಶ ಗಂಟೆಗೆ ಶೇಕಡಾ 5ರಿಂದ 7ರಷ್ಟು ಇಳಿಯುತ್ತದೆ. ಉಪವಾಸದ ಸಕ್ಕರೆ 126 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮಧುಮೇಹದ ಸೂಚನೆ. ನಿಜವಾಗಿ 130 ಇದ್ದ ವ್ಯಕ್ತಿಯ ಮಾದರಿ ಎರಡು ಗಂಟೆ ಹಾಗೆಯೇ ಉಳಿದರೆ ವರದಿಯಲ್ಲಿ ಸುಮಾರು 115 ಎಂದು ಬರಬಹುದು. ರೋಗವಿದ್ದೂ ಇಲ್ಲವೆಂಬ ನೆಮ್ಮದಿಯಲ್ಲಿ ಆತ ಮನೆಗೆ ಮರಳುತ್ತಾನೆ. ಸಕ್ಕರೆ ಪರೀಕ್ಷೆಗೆ ಬಳಸುವ ಬೂದು ಮುಚ್ಚಳದ ಫ್ಲೋರೈಡ್ ನಳಿಕೆ ಈ ಇಳಿಕೆಯನ್ನು ತಡೆಯುತ್ತದೆಯಾದರೂ ಅದರ ಪರಿಣಾಮ ಪೂರ್ಣವಾಗಲು ಕೆಲವು ಗಂಟೆ ಬೇಕು. ಆದ್ದರಿಂದ ಅಲ್ಲಿಯೂ ಬೇಗ ಬೇರ್ಪಡಿಸುವುದೇ ಮೇಲು.

ಪೊಟ್ಯಾಸಿಯಮ್ ವಿಷಯದಲ್ಲಿ ತಪ್ಪು ತದ್ವಿರುದ್ಧ ದಿಕ್ಕಿನದು. ಇದು ಹೆಚ್ಚಾಗಿ ಕಣಗಳ ಒಳಗಿರುವ ಲವಣಾಂಶ. ಕಣಗಳು ಒಡೆದರೆ, ಬೇರ್ಪಡಿಸುವುದು ತಡವಾದರೆ ಅಥವಾ ಬೇರ್ಪಡಿಸದ ರಕ್ತವನ್ನು ಫ್ರಿಜ್ಜಿನಲ್ಲಿಟ್ಟರೆ ಅದು ಹೊರಸೋರಿ ಪ್ರಮಾಣ ಸುಳ್ಳಾಗಿ ಏರುತ್ತದೆ. ಮೂತ್ರಪಿಂಡದ ರೋಗಿಗೆ ಈ ಸಂಖ್ಯೆ ಹೃದಯದ ಲಯಕ್ಕೆ ಸಂಬಂಧಿಸಿದ್ದರಿಂದ, ಸುಳ್ಳು ಏರಿಕೆಯಿಂದ ಅನಗತ್ಯ ಚಿಕಿತ್ಸೆಯೂ ಆತಂಕವೂ ಉಂಟಾಗುತ್ತವೆ.

ಯಂತ್ರದ ಸಮತೋಲನವೂ ಅಷ್ಟೇ ಮುಖ್ಯ. ಪ್ರತಿ ನಳಿಕೆಯ ಎದುರಿಗೆ ಅಷ್ಟೇ ತೂಕದ ಇನ್ನೊಂದು ನಳಿಕೆಯಿರಬೇಕು; ಮಾದರಿ ಒಂದೇ ಇದ್ದರೆ ನೀರು ತುಂಬಿದ ನಳಿಕೆಯನ್ನು ಎದುರಿಡಬೇಕು. ಯಂತ್ರ ಪೂರ್ತಿ ನಿಲ್ಲುವವರೆಗೆ ಮುಚ್ಚಳ ತೆರೆಯಬಾರದು. ಒಳಗೆ ನಳಿಕೆ ಒಡೆದಿದೆಯೆಂಬ ಸಂಶಯ ಬಂದರೆ, ರಕ್ತದ ಸೂಕ್ಷ್ಮ ಹನಿಗಳು ಕೆಳಗಿಳಿಯಲು ಅರ್ಧ ಗಂಟೆ ಮುಚ್ಚಿಯೇ ಇಡಬೇಕು.

ವಿದ್ಯುತ್ತಿಲ್ಲದ ಊರಿನಲ್ಲೂ ಈ ಕಾರ್ಯ ಸಾಧ್ಯವೆಂದು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನು ಪ್ರಕಾಶ್ ಮತ್ತು ಸಂಗಡಿಗರು 2017ರಲ್ಲಿ ತೋರಿಸಿದರು. ಅಂಗಿಯ ಗುಂಡಿಗೆ ದಾರ ಪೋಣಿಸಿ ಮಕ್ಕಳು ಗಿರ್ರನೆ ತಿರುಗಿಸುವ ಆಟಿಕೆಯ ಮಾದರಿಯಲ್ಲಿ ಅವರು ರಚಿಸಿದ ಎರಡು ಗ್ರಾಂ ತೂಕದ ಕಾಗದದ ಸಾಧನವು ಒಂದೂವರೆ ನಿಮಿಷದಲ್ಲಿ ಪ್ಲಾಸ್ಮಾವನ್ನು ಬೇರ್ಪಡಿಸುತ್ತದೆ.

ಓದುಗರು ಗಮನಿಸಬೇಕಾದುದು

ಒಂದು: ರಕ್ತ ಕೊಡುವಾಗ, ‘ಮಾದರಿಯನ್ನು ಇಲ್ಲಿಯೇ ಬೇರ್ಪಡಿಸುತ್ತೀರೋ, ಎಷ್ಟು ಹೊತ್ತಿನೊಳಗೆ?’ ಎಂದು ವಿನಯದಿಂದ ಕೇಳಿರಿ. ಬೇರ್ಪಡಿಸಿ ಕಳುಹಿಸುವುದಾದರೆ ದೂರದ ಪ್ರಯೋಗಾಲಯದಿಂದಲೂ ಸರಿಯಾದ ಫಲಿತಾಂಶ ದೊರೆಯುತ್ತದೆ. ಹಿಮೋಗ್ಲೋಬಿನ್ ಮತ್ತು ರಕ್ತಕಣಗಳ ಎಣಿಕೆಯ ನೇರಳೆ ಮುಚ್ಚಳದ ನಳಿಕೆಗೆ ಈ ಬೇರ್ಪಡಿಕೆ ಬೇಕಿಲ್ಲ.

ಎರಡು: ರಕ್ತ ತೆಗೆಯುವಾಗ ಮುಷ್ಟಿಯನ್ನು ಪದೇ ಪದೇ ಬಿಗಿದು ಬಿಡಬೇಡಿರಿ, ಅದರಿಂದಲೂ ಪೊಟ್ಯಾಸಿಯಮ್ ಏರುತ್ತದೆ.

ಮೂರು: ಮಾದರಿಯನ್ನು ನೀವೇ ಒಯ್ಯಬೇಕಾಗಿ ಬಂದರೆ ಬಿಸಿಲಿಗೆ ಕಾಯುವ ಬೈಕಿನ ಪೆಟ್ಟಿಗೆಯಲ್ಲಿ ಇಡಬೇಡಿರಿ, ಕುಲುಕಬೇಡಿರಿ.

ನಾಲ್ಕು: ವರದಿ ಅನಿರೀಕ್ಷಿತವಾಗಿದ್ದರೆ ಔಷಧಿಯನ್ನು ತಾವಾಗಿಯೇ ಬದಲಿಸದೆ ವೈದ್ಯರನ್ನು ಕಂಡು ಹೊಸ ಮಾದರಿಯಿಂದ ಪುನಃ ಪರೀಕ್ಷಿಸಿಕೊಳ್ಳಿರಿ. ಆದರೆ ಪೊಟ್ಯಾಸಿಯಮ್ ಹೆಚ್ಚೆಂದು ಬಂದಿರುವ ಮೂತ್ರಪಿಂಡದ ರೋಗಿಗಳು ಅದನ್ನು ಯಂತ್ರದ ತಪ್ಪೆಂದು ತಾವೇ ತೀರ್ಮಾನಿಸಿ ಸುಮ್ಮನಿರಬಾರದು. ಅದೇ ದಿನ ವೈದ್ಯರ ಬಳಿಗೆ ಹೋಗಬೇಕು.